38 ಪುಟದ ಕತೆಯನ್ನು ಎಳೆದು 150 ಪುಟ ಮಾಡಿ ಅನ್ನುತ್ತಿದ್ದಾರೆ. ಉದ್ದ ಇದ್ದರೇ ಪುಸ್ತಕ ಓಡುವುದಾ?

ಅರ್ಧಪುಟ
ಎಲ್ಲರಿಗೂ ನಮಸ್ಕಾರ. ಏಳೆಂಟು ವರ್ಷದಿಂದ ಸಣ್ಣಕತೆ ಬರೆಯುತ್ತಿದ್ದೇನೆ. ವಾರಪತ್ರಿಕೆ, ಪುರವಣಿಗಳಲ್ಲಿ ಒಂದಿಷ್ಟು ಬಂದಿವೆ. ಹೋದ ತಿಂಗಳು ಧೈರ್ಯ ಮಾಡಿ ಹನ್ನೊಂದು ಕತೆ ಜೋಡಿಸಿ ಒಬ್ಬ ಪ್ರಕಾಶಕರಿಗೆ ಕಳಿಸಿದೆ. ನಾಲ್ಕೇ ದಿನಕ್ಕೆ ಫೋನ್ ಬಂತು. ಒಲೆ ಆರಿಸಿ ಬಂದು ಕೂತು ಮಾತಾಡಿದೆ. ಅವರು ಹೇಳಿದ್ದು ಇಷ್ಟು: "ಮೇಡಂ, ಚೆನ್ನಾಗಿ ಬರೆಯುತ್ತೀರಿ. ಆದರೆ ಕಥಾಸಂಕಲನ ಯಾರೂ ಕೊಳ್ಳುವುದಿಲ್ಲ. ಕೊನೇ ಕತೆ ಇದೆಯಲ್ಲ, ಅಡಿಕೆ ಸುಲಿಯುವ ಹೆಂಗಸರದ್ದು, ಅದನ್ನೇ ಎಳೆದು ನೂರೈವತ್ತು ಪುಟ ಮಾಡಿಕೊಡಿ. ಕಾದಂಬರಿ ಅಂತ ಹಾಕೋಣ."

ಆ ಕತೆ ಇರುವುದು 38 ಪುಟ. ಒಂದೇ ರಾತ್ರಿಯಲ್ಲಿ ನಡೆಯುತ್ತದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಆರು ಜನ ಹೆಂಗಸರು ಕೂತಿರುತ್ತಾರೆ, ಬೆಳಗಾಗುವಷ್ಟರಲ್ಲಿ ಐದು ಜನ ಇರುತ್ತಾರೆ. ಅಷ್ಟೇ ಕತೆ. ಅದನ್ನು ಎಲ್ಲಿಗೆ ಅಂತ ಎಳೆಯಲಿ?

ನನಗೆ ಬೇಕಾಗಿರುವುದು ಸಮಾಧಾನ ಅಲ್ಲ, ಲೆಕ್ಕ. ಉದ್ದಕ್ಕೂ ಮಾರಾಟಕ್ಕೂ ನಿಜವಾಗಿ ಸಂಬಂಧ ಇದೆಯಾ? ಅಥವಾ ಇದು ಪ್ರಕಾಶಕರ ಹಳೇ ನಂಬಿಕೆಯಾ? ಪುಸ್ತಕದ ವ್ಯವಹಾರ ಗೊತ್ತಿರುವವರು ಹೇಳಿ.

ಸುಮ್ನೆ ಒಬ್ಬ
ಒಳ್ಳೇ ಕತೆ ಬರೆಯಿರಿ, ತಾನೇ ಮಾರಾಟವಾಗುತ್ತದೆ.

ಕರಡು ತಿದ್ದುವವ
@ಸುಮ್ನೆ ಒಬ್ಬ, ಇಪ್ಪತ್ತು ವರ್ಷದಿಂದ ಕರಡು ತಿದ್ದುತ್ತಿದ್ದೇನೆ. ತಾನೇ ಮಾರಾಟವಾದ ಒಳ್ಳೇ ಕತೆ ಇನ್ನೂ ನೋಡಿಲ್ಲ. ಗೋದಾಮಿನಲ್ಲಿ ಗೆದ್ದಲು ಹಿಡಿದ ಒಳ್ಳೇ ಕತೆಗಳನ್ನು ಬೇಕಾದಷ್ಟು ನೋಡಿದ್ದೇನೆ.

ಫಾರಂ ಲೆಕ್ಕ
ನಾನು ಸಣ್ಣ ಪ್ರಕಾಶಕ. ವರ್ಷಕ್ಕೆ ಎಂಟೋ ಹತ್ತೋ ಪುಸ್ತಕ. ಲೆಕ್ಕ ಕೇಳಿದ್ದೀರಿ, ಹೇಳುತ್ತೇನೆ.

ನಮಗೆ ಕತೆ ಮೊದಲು ಕಾಣುವುದೇ ಫಾರಂನಲ್ಲಿ, ಅಂದರೆ ಒಂದೇ ಹಾಳೆಯಲ್ಲಿ ಅಚ್ಚಾಗಿ ಮಡಚಿಕೊಳ್ಳುವ ಪುಟಗಳ ಕಟ್ಟಿನಲ್ಲಿ. ಡೆಮಿ 1/8 ಅಳತೆಯಲ್ಲಿ 16 ಪುಟಕ್ಕೆ ಒಂದು ಫಾರಂ. 96 ಪುಟ ಅಂದರೆ ಆರು, 128 ಅಂದರೆ ಎಂಟು. ಈಗ 120 ಪುಟದ ಪುಸ್ತಕಕ್ಕೆ ನಾನು 150 ರೂಪಾಯಿ ಇಡುತ್ತೇನೆ. 320 ಪುಟದ್ದಕ್ಕೆ 400. ಲೇಖಕರಿಗೆ ಶೇ. 10 ಗೌರವಧನ ಅಂದರೆ ಮೊದಲನೆಯದರಲ್ಲಿ ಪ್ರತಿಗೆ 15 ರೂಪಾಯಿ, ಎರಡನೆಯದರಲ್ಲಿ 40. ಸಾವಿರ ಪ್ರತಿ ಹೋದರೆ ಹದಿನೈದು ಸಾವಿರ, ನಲವತ್ತು ಸಾವಿರ. ಕಾಗದದ ಮೇಲೆ ದಪ್ಪ ಪುಸ್ತಕವೇ ಗೆದ್ದಿತು.

ಆದರೆ ಸಾವಿರ ಹೋಗಬೇಕಲ್ಲ! ಹೊಸಬರ ಪುಸ್ತಕ ನಾನು 300 ಪ್ರತಿಯಿಂದ ಶುರು ಮಾಡುತ್ತೇನೆ. ಹೆಸರೇ ಕೇಳದ ಲೇಖಕರ ಪುಸ್ತಕವನ್ನು 150 ಕೊಟ್ಟು "ನೋಡೋಣ" ಅಂತ ಒಯ್ಯುವವರು ಇದ್ದಾರೆ. 400 ಕೊಟ್ಟು ನೋಡೋಣ ಅನ್ನುವವರು ಕಡಿಮೆ.

ಇನ್ನೊಂದು ವಿಷಯ. ಸಾರ್ವಜನಿಕ ಗ್ರಂಥಾಲಯದ ಸಗಟು ಖರೀದಿಯಲ್ಲಿ ಬೆಲೆ ಕಟ್ಟುವುದೇ ಪುಟದ ಲೆಕ್ಕದಲ್ಲಿ. ಪುಸ್ತಕದ ಮೇಲೆ ನೀವು ಎಷ್ಟೇ ಬೆಲೆ ಅಚ್ಚು ಹಾಕಿಕೊಳ್ಳಿ, ಅಲ್ಲಿ ಪುಟ ಎಣಿಸುತ್ತಾರೆ. ಆಯ್ಕೆಯಾದರೆ 300 ಪ್ರತಿ ಒಟ್ಟಿಗೆ ಹೋಗುತ್ತದೆ. 60 ಪುಟದ ಪುಸ್ತಕಕ್ಕೂ 200 ಪುಟದ್ದಕ್ಕೂ ನಮ್ಮ ಓಡಾಟ ಒಂದೇ, ಅರ್ಜಿ ಒಂದೇ, ಬರುವ ದುಡ್ಡು ಬೇರೆ. "ಎಳೆದು ಕೊಡಿ" ಅನ್ನುವವರ ತಲೆಯಲ್ಲಿ ಈ ಲೆಕ್ಕ ಇರುತ್ತದೆ. ಬಾಯಲ್ಲಿ ಬರುವುದಿಲ್ಲ, ಅಷ್ಟೇ.

ಅರ್ಧಪುಟ
ಅಯ್ಯೋ ರಾಮ. ನನ್ನ ಕತೆಯ ಹೆಂಗಸರಿಗೂ ಡಬ್ಬದ ಲೆಕ್ಕ. ಸುಲಿದಷ್ಟು ಡಬ್ಬಕ್ಕೆ ಅಷ್ಟು ದುಡ್ಡು. ಈಗ ನನಗೂ ಅದೇನಾ?

ಫಾರಂ ಲೆಕ್ಕ
ಅದೇ ಮೇಡಂ. ನಿಮ್ಮ ಡಬ್ಬಕ್ಕೆ 16 ಪುಟ.

ಕೌಂಟರ್ ಹುಡುಗ
ಪುಸ್ತಕದಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಊರು, ಅಂಗಡಿ ಬೇಡ ಬಿಡಿ. ಒಂದು ಮಾತು ಹೇಳುತ್ತೇನೆ, ಲೇಖಕರು ಯಾರೂ ಇದನ್ನು ಯೋಚಿಸಿರುವುದಿಲ್ಲ. ಅದು ಪುಸ್ತಕದ ಬೆನ್ನು.

70–80 ಪುಟದ ಪುಸ್ತಕಕ್ಕೆ ಬೆನ್ನೇ ಇರುವುದಿಲ್ಲ. ಇನ್ನೂ ತೆಳು ಇದ್ದರೆ ನಡುವೆ ಪಿನ್ ಹೊಡೆದಿರುತ್ತಾರೆ. ಕಪಾಟಿನಲ್ಲಿ ನಿಲ್ಲಿಸಿದರೆ ಹೆಸರು ಕಾಣುವುದಿಲ್ಲ, ಎರಡು ದಪ್ಪ ಪುಸ್ತಕದ ಮಧ್ಯೆ ಸಿಕ್ಕಿಕೊಂಡು ಬಿಡುತ್ತದೆ. ಹೋದ ವರ್ಷ ಕಪಾಟು ಒರೆಸುವಾಗ ಒಂದು ಕಥಾಸಂಕಲನ ಸಿಕ್ಕಿತು. ಅದನ್ನು ಒಬ್ಬರು ಮೂರು ಸಲ ಬಂದು ಕೇಳಿ ಹೋಗಿದ್ದರು. ಮೂರು ಸಲವೂ "ಸ್ಟಾಕ್ ಇಲ್ಲ ಸಾರ್" ಅಂದಿದ್ದೆ. ಇತ್ತು. ಕಾಣುತ್ತಿರಲಿಲ್ಲ.

ಮೇಜಿನ ಮೇಲೆ ಮುಖ ತೋರಿಸಿ ಇಡುವುದು ಹೊಸತರಲ್ಲಿ ಹದಿನೈದು ದಿನ. ಆಮೇಲೆ ಎಲ್ಲವೂ ಕಪಾಟಿಗೆ. ಅಲ್ಲಿ ಬೆನ್ನಿದ್ದವನೇ ಬದುಕುತ್ತಾನೆ.

ಗಾಂಧಿ ಬಜಾರ್ ಗಿರಾಕಿ
ಇದು ನಿಜ. ನಾನೂ ಕತ್ತು ವಾಲಿಸಿಕೊಂಡು ಬೆನ್ನು ಓದುತ್ತಾ ಹೋಗುವವನೇ. ಅದೂ ಒಬ್ಬರು ಮೇಲಿಂದ ಕೆಳಗೆ ಅಚ್ಚು ಹಾಕಿರುತ್ತಾರೆ, ಇನ್ನೊಬ್ಬರು ಕೆಳಗಿಂದ ಮೇಲಕ್ಕೆ. ಒಂದು ಸಾಲು ಮುಗಿಯುವುದರಲ್ಲಿ ಕತ್ತು ಹಿಡಿದುಕೊಂಡಿರುತ್ತದೆ. ಪ್ರಕಾಶಕರೆಲ್ಲ ಕೂತು ಇದೊಂದನ್ನು ತೀರ್ಮಾನ ಮಾಡಬಾರದಾ?

ಕೌಂಟರ್ ಹುಡುಗ
ಹಹ್ಹಾ, ನಮಗೂ ಅದೇ ಪಾಡು ಸಾರ್.

ದಪ್ಪ ಪುಸ್ತಕವೇ ಚಂದ
ನೋಡಿ, ಸುತ್ತುಬಳಸಿ ಮಾತಾಡುವುದು ಬೇಡ. ಕನ್ನಡ ಓದುಗ ದಪ್ಪ ಕಾದಂಬರಿಗೇ ದುಡ್ಡು ಕೊಡುತ್ತಾನೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರದ್ದು. ಭೈರಪ್ಪನವರ 'ಪರ್ವ' 1979ರದ್ದು. ಇವತ್ತಿಗೂ ಅಂಗಡಿಗೆ ಹೋದರೆ ಎರಡೂ ಇರುತ್ತವೆ. ವಸುಧೇಂದ್ರರ 'ತೇಜೋ ತುಂಗಭದ್ರಾ' 2019ರಲ್ಲಿ ಬಂತು, ಅದೂ ದಪ್ಪವೇ, ಅದಕ್ಕೂ ಮರುಮುದ್ರಣದ ಮೇಲೆ ಮರುಮುದ್ರಣ. ಓದುಗನಿಗೆ ಒಂದು ಲೋಕದೊಳಗೆ ಹೋಗಿ ಹದಿನೈದು ದಿನ ಇದ್ದು ಬರಬೇಕು. ಸಣ್ಣಕತೆ ಅಂದರೆ ಬಸ್‌ಸ್ಟಾಂಡಿನಲ್ಲಿ ಚಹಾ ಕುಡಿದ ಹಾಗೆ.

ಮೂಡಿಗೆರೆ ಮಳೆ
ಬಸ್‌ಸ್ಟಾಂಡಿನ ಚಹಾ ಕುಡಿಯುವವರೇ ಜಾಸ್ತಿ ಅಲ್ವಾ ಸ್ವಾಮಿ?

ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂತು. ದಪ್ಪ ಅಂತ ಯಾರಾದರೂ ಅನ್ನುತ್ತಾರಾ? ಒಂದು ಭಾನುವಾರದಲ್ಲಿ ಮುಗಿಯುತ್ತದೆ. ಅದು ಎಷ್ಟು ಮುದ್ರಣ ಕಂಡಿದೆ ಅಂತ ಹೋಗಿ ನೋಡಿ ಬನ್ನಿ. ಅನಂತಮೂರ್ತಿಯವರ 'ಸಂಸ್ಕಾರ' 1965ರದ್ದು, ಅದೂ ತೆಳು.

ದಪ್ಪ ಪುಸ್ತಕವೇ ಚಂದ
ಸಂಸ್ಕಾರ ಪಠ್ಯವಾಯಿತು, ಅದಕ್ಕೇ ಓಡಿತು.

ಮೂಡಿಗೆರೆ ಮಳೆ
ಪರ್ವವೂ ಯಾವುದೋ ಎಂ.ಎ. ತರಗತಿಗೆ ಇದ್ದೇ ಇರುತ್ತದೆ ಬಿಡಿ.

ದಪ್ಪ ಪುಸ್ತಕವೇ ಚಂದ
ಭೈರಪ್ಪನವರನ್ನು ಮಾಸ್ತರು ಓದಿಸಬೇಕಾಗಿಲ್ಲ. ಜನರೇ ಓದುತ್ತಾರೆ.

ಕರಡು ತಿದ್ದುವವ
ಶುರುವಾಯಿತು ನೋಡಿ. ಕನ್ನಡಿಗರು ಎಲ್ಲಿ ಸೇರಿದರೂ ಏಳನೇ ಮಾತಿಗೆ ಭೈರಪ್ಪ–ಅನಂತಮೂರ್ತಿ ಬಂದೇ ಬರುತ್ತಾರೆ. ಆಕೆ ಕೇಳಿದ್ದು ಉದ್ದದ ವಿಷಯ.

ಅಂದಹಾಗೆ ಭೈರಪ್ಪನವರದ್ದೇ 'ಆವರಣ' ತೆಗೆದುಕೊಳ್ಳಿ, 2007. ಬಂದ ಕೂಡಲೇ ಮುದ್ರಣದ ಮೇಲೆ ಮುದ್ರಣ. ಅದು ಪರ್ವಕ್ಕಿಂತ ಎಷ್ಟೋ ಚಿಕ್ಕದು. ಓಡಿದ್ದು ಪುಟದಿಂದಲಾ, ಗಲಾಟೆಯಿಂದಲಾ, ಲೇಖಕರ ಹೆಸರಿನಿಂದಲಾ? ನೀವು ಕೊಟ್ಟ ದಪ್ಪ ಪುಸ್ತಕಗಳೆಲ್ಲ ಆಗಲೇ ಹೆಸರು ಮಾಡಿದವರದ್ದು. ಮೊದಲ ಪುಸ್ತಕವೇ 700 ಪುಟ ಬರೆದು ಗೆದ್ದವರ ಹೆಸರು ಹೇಳಿ ನೋಡೋಣ.

ದಪ್ಪ ಪುಸ್ತಕವೇ ಚಂದ
ಯೋಚಿಸಿ ಹೇಳುತ್ತೇನೆ.

ಸೀರೆ ಸೆರಗು
ನನಗೆ ಈಗ ಎಪ್ಪತ್ತೊಂದು. ಈ ವಾದವನ್ನೆಲ್ಲ ಓದಿ ನಗು ಬಂತು. ನಮ್ಮ ಕಾಲದಲ್ಲಿ ಪುಸ್ತಕ ಕೊಳ್ಳುತ್ತಿದ್ದವರು ಯಾರು? ಮೈಸೂರಿನ ನಮ್ಮ ಬೀದಿಯಲ್ಲಿ ಒಂದು ಬಾಡಿಗೆ ಲೈಬ್ರರಿ ಇತ್ತು. ದಿನದ ಬಾಡಿಗೆ. ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ, ಉಷಾ ನವರತ್ನರಾಂ, ಎಲ್ಲ ಅಲ್ಲಿಂದಲೇ. ದಿನದ ಬಾಡಿಗೆಯಾದ್ದರಿಂದ ಒಂದೇ ದಿನದಲ್ಲಿ ಮುಗಿಯುವ ಪುಸ್ತಕವೇ ನಮಗೆ ಬೇಕಿತ್ತು. ಮಧ್ಯಾಹ್ನ ಊಟ ಆದ ಮೇಲೆ ಅಮ್ಮ ಓದುತ್ತಿದ್ದಳು, ನಾಲ್ಕು ಗಂಟೆಗೆ ನನ್ನ ಕೈಗೆ, ರಾತ್ರಿ ಪಕ್ಕದ ಮನೆ ಶಾರದಮ್ಮನಿಗೆ, ಬೆಳಿಗ್ಗೆ ವಾಪಸ್. ಒಂದು ದಿನದ ಬಾಡಿಗೆಗೆ ಮೂರು ಜನ. ದಪ್ಪ ಪುಸ್ತಕ ತಂದರೆ ಅಮ್ಮ "ಇದಕ್ಕೆ ನಾಲ್ಕು ದಿನದ ಬಾಡಿಗೆ ಯಾರು ಕೊಡ್ತಾರೆ?" ಅನ್ನುತ್ತಿದ್ದಳು.

ಇನ್ನು ಧಾರಾವಾಹಿ. 'ಸುಧಾ' ಬಂದ ದಿನ ಮನೆಯಲ್ಲಿ ಜಗಳ. ಎಲ್ಲರೂ ಓದಿದ ಮೇಲೆ ನಾನು ಕಾದಂಬರಿಯ ಹಾಳೆಗಳನ್ನು ಕಿತ್ತು ಇಟ್ಟುಕೊಳ್ಳುತ್ತಿದ್ದೆ. ಕಂತು ಮುಗಿದ ಮೇಲೆ ಎಲ್ಲ ಜೋಡಿಸಿ ಗೋಣಿದಾರದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿದರೆ ಪುಸ್ತಕ ತಯಾರು. ಮಧ್ಯೆ ಮಧ್ಯೆ ಕೇಶತೈಲದ ಜಾಹೀರಾತು ಬರುತ್ತಿತ್ತು. ಅಂಥ ಮೂರು ಹೊಲಿದ ಪುಸ್ತಕ ಇನ್ನೂ ನನ್ನ ಬೀರುವಿನಲ್ಲಿವೆ. ಲೇಖಕಿಗೆ ನನ್ನಿಂದ ಒಂದು ಪೈಸೆಯೂ ಹೋಗಿಲ್ಲ, ಪತ್ರಿಕೆಯವರು ಕೊಟ್ಟಿರಬೇಕು. ಹಾಗಾಗಿ ಉದ್ದ ಎಷ್ಟಿರಬೇಕು ಅನ್ನುವುದನ್ನು ಆಗ ತೀರ್ಮಾನ ಮಾಡುತ್ತಿದ್ದದ್ದು ವಾರಗಳು.

ಅರ್ಧಪುಟ
ಅಮ್ಮಾ, ಆ ಹೊಲಿದ ಪುಸ್ತಕದ ಒಂದು ಫೋಟೋ ಹಾಕುತ್ತೀರಾ?

ಸೀರೆ ಸೆರಗು
ಮೊಮ್ಮಗ ಬಂದಾಗ ಹಾಕಿಸುತ್ತೇನೆ. ನನಗೆ ಬರೆಯುವುದಷ್ಟೇ ಬರುತ್ತದೆ.

ಧಾರವಾಡದ ಮಂದಿ
ಅಜ್ಜಿ ಹೇಳಿದ್ದು ಖರೇ ಅದ. ಇನ್ನೊಂದು ಸೇರಸತೀನಿ. ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಪತ್ತೇದಾರ ಪುರುಷೋತ್ತಮ ಯಾರಿಗೆ ಗೊತ್ತಿಲ್ಲ? ಎಲ್ಲಾ ಸಣ್ಣ ಸಣ್ಣ ಪುಸ್ತಕ. ರೈಲು ಹತ್ತೋ ಮುಂದ ತಗೋಬೇಕು, ಇಳಿಯೋದರಾಗ ಮುಗೀಬೇಕು. ಅವರು ಒಂದೊಂದನ್ನೂ 600 ಪುಟ ಬರದಿದ್ದರ 500 ಪುಸ್ತಕ ಆಗತಿತ್ತೇನ್ರಿ?

ನಮ್ಮ ಮನೋಹರ ಗ್ರಂಥಮಾಲೆ 1933ರಾಗ ಶುರು ಆತು. ಅವರದು ಚಂದಾದಾರರ ಪದ್ಧತಿ. ಮೊದಲ ಚಂದಾ ಕೊಟ್ಟಿರತಾರ, ಆಮ್ಯಾಲೆ ಪುಸ್ತಕ ಮನೀಗೆ ಬರತಾವ. ಕೊಳ್ಳಾಂವ ದಪ್ಪ ನೋಡಿ ತಗೊಳ್ಳೂದಿಲ್ಲ, ಮಾಲೆಯ ಮ್ಯಾಲಿನ ಭರವಸೆಯಿಂದ ತಗೋತಾನ. ದಪ್ಪ–ತೆಳ್ಳಗ ಅನ್ನೂ ಮಾತು ಅಂಗಡ್ಯಾಗಿನ ಮಾತು.

ಡಾಲಸ್ ಕನ್ನಡಿಗ
ಬಹಳ ಸೊಗಸಾದ ಚರ್ಚೆ. ಇಲ್ಲಿ ಇಂಗ್ಲಿಷಿನಲ್ಲಿ ಇ-ಪುಸ್ತಕ ಬರೆಯುವ ಸ್ನೇಹಿತರಿದ್ದಾರೆ. ಅವರ ಕತೆ ಕೇಳಿದರೆ ನಿಮಗೆ ಉತ್ತರ ಸಿಗಬಹುದು.

ಅಮೆಜಾನಿನ ಕಿಂಡಲ್ ಅನ್‌ಲಿಮಿಟೆಡ್ ಅಂತ ಇದೆಯಲ್ಲ, ತಿಂಗಳ ಚಂದಾ ಕಟ್ಟಿ ಎಷ್ಟು ಬೇಕಾದರೂ ಓದುವುದು. ಮೊದಲು ಓದುಗ ಪುಸ್ತಕದ ಶೇ. 10ರಷ್ಟು ಓದಿದರೆ ಲೇಖಕನಿಗೆ ಒಂದು ಎರವಲಿನ ದುಡ್ಡು ಬರುತ್ತಿತ್ತು. 30 ಪುಟದ ಪುಸ್ತಕಕ್ಕೂ ಅಷ್ಟೇ, 500 ಪುಟದ್ದಕ್ಕೂ ಅಷ್ಟೇ. ಜನ ಏನು ಮಾಡಿದರು? ಕಾದಂಬರಿಯನ್ನು ತುಂಡು ತುಂಡು ಮಾಡಿ ಹತ್ತು ಪುಸ್ತಕ ಮಾಡಿದರು. ಮೂರು ಪುಟ ತಿರುಗಿಸಿದರೆ ದುಡ್ಡು. 2015ರ ಜುಲೈಯಿಂದ ನಿಯಮ ಬದಲಾಯಿತು, ಓದಿದ ಪುಟಕ್ಕೆ ಇಷ್ಟು ಅಂತ. ಪುಟಕ್ಕೆ ಅರ್ಧ ಸೆಂಟಿಗಿಂತಲೂ ಕಡಿಮೆ. ತಕ್ಷಣ ಎಲ್ಲರ ಕತೆಯೂ ಉದ್ದವಾಗತೊಡಗಿತು! ಕೆಲವರಂತೂ ಪುಸ್ತಕದ ಕೊನೆಯಲ್ಲಿ ತಮ್ಮ ಹಳೇ ಪುಸ್ತಕಗಳನ್ನೇ ತುರುಕಿ 3,000 ಪುಟ ಮಾಡಿದರು. 2018ರಲ್ಲಿ ಕಂಪನಿ ಅಂಥವರ ಮೇಲೆ ಕ್ರಮ ತೆಗೆದುಕೊಂಡಿತು.

ನಾನು ಹೇಳುತ್ತಿರುವುದು ಇಷ್ಟೇ. ದುಡ್ಡು ಯಾವ ಅಳತೆಯಲ್ಲಿ ಬರುತ್ತದೋ ಕತೆ ಆ ಅಳತೆಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಓದುಗನನ್ನು ಯಾರೂ ಕೇಳಿರುವುದಿಲ್ಲ.

ಗಾಂಧಿ ಬಜಾರ್ ಗಿರಾಕಿ
ಅದು ನಮಗೆ ಎಲ್ಲಿ ಅನ್ವಯ ಆಗುತ್ತೆ ಸಾರ್? 2016ರಲ್ಲಿ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಸೇರಿಸಿದಾಗ ಕನ್ನಡವನ್ನೇ ಬಿಟ್ಟಿದ್ದರು. ಆಗ ನಾವು ಇಲ್ಲಿ ಕೂತು ಬೈದಿದ್ದು ಮರೆತುಹೋಯಿತಾ?

ಡಾಲಸ್ ಕನ್ನಡಿಗ
ಮರೆತಿಲ್ಲ. ಆ ಹೊಟ್ಟೆಕಿಚ್ಚಿನಿಂದಲೇ ಮೈಲ್ಯಾಂಗ್‌ನಂಥ ಕನ್ನಡದ್ದೇ ಆ್ಯಪ್ ಬಂದಾಗ ಸಿಕ್ಕಿದ್ದೆಲ್ಲ ಕೊಂಡೆ. ಆಡಿಯೊ ಪುಸ್ತಕದಲ್ಲಿ ಉದ್ದ ನನಗೆ ಒಳ್ಳೆಯದೇ. ಆಫೀಸಿಗೆ ಹೋಗಿ ಬರಲು ಒಂದೂವರೆ ಗಂಟೆ. ಹತ್ತು ಗಂಟೆಯ ಕಾದಂಬರಿ ಒಂದು ವಾರ ಬರುತ್ತದೆ. ಸಣ್ಣಕತೆಯಾದರೆ ಸಿಗ್ನಲಿನಲ್ಲೇ ಮುಗಿದುಹೋಗುತ್ತೆ.

ಮುಂದುವರಿಯುವುದು
ನಾನು ಒಂದು ಕತೆ ಆ್ಯಪ್‌ನಲ್ಲಿ ಬರೆಯುತ್ತೇನೆ. ಗೃಹಿಣಿ. ಮಕ್ಕಳು ಶಾಲೆಗೆ ಹೋದ ಮೇಲೆ ಫೋನಿನಲ್ಲೇ ಟೈಪ್ ಮಾಡುವುದು. ಈಗ ನಡೆಯುತ್ತಿರುವ ಕತೆ 143ನೇ ಕಂತಿನಲ್ಲಿದೆ. ಒಂದೊಂದು ಕಂತು ಸಾವಿರ, ಸಾವಿರದ ಇನ್ನೂರು ಪದ.

ನೇರವಾಗಿ ಹೇಳುತ್ತೇನೆ. ಕತೆ ಮುಗಿಸಿದರೆ ದುಡ್ಡು ನಿಲ್ಲುತ್ತದೆ. ಮೊದಲ ಕತೆಯನ್ನು 22 ಕಂತಿಗೆ ಮುಗಿಸಿದ್ದೆ. ಚೆನ್ನಾಗಿಯೇ ಇತ್ತು. "ಸೂಪರ್ ಅಕ್ಕ" ಅಂತ ಬೇಕಾದಷ್ಟು ಜನ ಬರೆದರು. ಕೈಗೆ ಬಂದದ್ದು ಎರಡು ಲೀಟರ್ ಎಣ್ಣೆಯ ದುಡ್ಡು. ಎರಡನೆಯದು 90 ಕಂತು ದಾಟಿದ ಮೇಲೆ ತಿಂಗಳಿಗೆ ಗ್ಯಾಸ್, ಕರೆಂಟ್ ಬಿಲ್ ಕಟ್ಟುವಷ್ಟು ಬರತೊಡಗಿತು. ಓದುವವರು ಮುಂದಿನ ಕಂತಿಗೆ ಕಾಯುತ್ತಾರೆ, ಕಾಯಲಾಗದವರು ದುಡ್ಡು ಕೊಟ್ಟು ಮೊದಲೇ ಓದುತ್ತಾರೆ. ನಮ್ಮ ಸಂಪಾದನೆ ಆ ಕಾಯಲಾಗದವರದ್ದು.

ಇದರ ಇನ್ನೊಂದು ಮುಖವೂ ಹೇಳಬೇಕು. 143 ಕಂತಿನಲ್ಲಿ ನನ್ನ ನಾಯಕಿಗೆ ಎರಡು ಸಲ ನೆನಪು ಹೋಗಿ ಬಂದಿದೆ. ಮೊನ್ನೆ ಅವಳ ಅತ್ತೆಯ ಹೆಸರು ನನಗೇ ಮರೆತುಹೋಗಿ, ಓದುಗರೊಬ್ಬರು "ಅಕ್ಕಾ, 31ನೇ ಕಂತಿನಲ್ಲಿ ಸುಲೋಚನಾ ಅಂತ ಇತ್ತು, ಈಗ ಸುಮಿತ್ರಾ ಆಗಿದ್ದಾರೆ" ಅಂದರು. ಸುಮ್ನೆ ಅತ್ತೆಗೆ ಒಬ್ಬಳು ತಂಗಿಯನ್ನು ಹುಟ್ಟಿಸಿಬಿಟ್ಟೆ. ಈಗ ಆ ತಂಗಿಯಿಂದ ಇನ್ನೂ ಹತ್ತು ಕಂತು ನಡೆಯುತ್ತದೆ.

ಕರಡು ತಿದ್ದುವವ
ಇದನ್ನು ಓದಿ ಚಹಾ ಮೂಗಿಗೆ ಹೋಯಿತು. ಸುಲೋಚನಾ–ಸುಮಿತ್ರಾ ಅಕ್ಕತಂಗಿ ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ ಬಿಡಿ.

ದಪ್ಪ ಪುಸ್ತಕವೇ ಚಂದ
ಇದನ್ನು ಸಾಹಿತ್ಯ ಅನ್ನುತ್ತೀರಾ?

ಮುಂದುವರಿಯುವುದು
ನಾನು ಹಾಗೆ ಅಂದಿಲ್ಲ ಅಣ್ಣ. ಪ್ರಶ್ನೆ ಇದ್ದದ್ದು ದುಡ್ಡಿನ ಬಗ್ಗೆ. ನನ್ನ ಕರೆಂಟ್ ಬಿಲ್ಲಿಗೆ ಅದು ಸಾಹಿತ್ಯವಾ ಅಲ್ಲವಾ ಅಂತ ಗೊತ್ತಿಲ್ಲ.

ಸೀರೆ ಸೆರಗು
ಚೆನ್ನಾಗಿ ಹೇಳಿದೆ ಮಗಳೇ. ನಮ್ಮ ಕಾಲದಲ್ಲಿ ತ್ರಿವೇಣಿಯವರನ್ನೂ "ಅಡುಗೆಮನೆ ಸಾಹಿತ್ಯ" ಅಂತಲೇ ಅನ್ನುತ್ತಿದ್ದರು.

ಸುಮ್ನೆ ಒಬ್ಬ
ನಾಲ್ಕು ಸಾಲಿನ ಮಂಕುತಿಮ್ಮನ ಕಗ್ಗ ಎಲ್ಲರ ಮನೆಯಲ್ಲೂ ಇದೆ. ಅದಕ್ಕೇನು ಹೇಳುತ್ತೀರಿ?

ಕೌಂಟರ್ ಹುಡುಗ
ಇವರು ಒಂದು ಸಾಲು ಬರೆದರೂ ಸರಿಯಾಗಿ ಬರೆದರು. ಕಗ್ಗ 1943ರದ್ದು. ಗೃಹಪ್ರವೇಶ, ಬೀಳ್ಕೊಡುಗೆ, ಮದುವೆ, ಎಲ್ಲಕ್ಕೂ ಅದೇ ಒಯ್ಯುತ್ತಾರೆ. ಕೆಲವರು ಮೂರು ಮೂರು. ಓದುತ್ತಾರೋ ಇಲ್ಲವೋ ಗೊತ್ತಿಲ್ಲ.

ಮೂಡಿಗೆರೆ ಮಳೆ
ನಾಲ್ಕು ಸಾಲು ಸರಿ, ಆದರೆ ಅಂಥವು 945 ಇವೆ. ಪುಸ್ತಕ ತೆಳು ಏನಲ್ಲ!

ಅದೇ ದಾರಿಯಲ್ಲಿ ಇನ್ನೊಂದು: ಅನುಪಮಾ ನಿರಂಜನರ 'ದಿನಕ್ಕೊಂದು ಕಥೆ'. ಪುಟ್ಟ ಪುಟ್ಟ ಕತೆಗಳೇ, ಆದರೆ ಹನ್ನೆರಡು ಸಂಪುಟ, ತಿಂಗಳಿಗೊಂದು. ನಮ್ಮಪ್ಪ ಜನವರಿ, ಫೆಬ್ರವರಿ ಮಾತ್ರ ತಂದುಕೊಟ್ಟಿದ್ದರು. ಉಳಿದ ವರ್ಷವೆಲ್ಲ ಅವೇ ಎರಡು ತಿಂಗಳು ಓದಿದೆ.

ಹೆಗ್ಗೋಡಿನ ದಾರಿ
ತಡವಾಗಿ ಬಂದೆ. ಅರ್ಧಪುಟ ಅವರಿಗೆ ಕೆಲಸಕ್ಕೆ ಬರುವಂಥದ್ದು ಒಂದು ಹೇಳಬೇಕು.

ವಿವೇಕ ಶಾನಭಾಗರ 'ಘಾಚರ್ ಘೋಚರ್' ಜಗತ್ತಿಗೆಲ್ಲ ಗೊತ್ತು, ಪುಟ್ಟ ಕಾದಂಬರಿ ಅಂತ. ಆದರೆ ಕನ್ನಡದಲ್ಲಿ 2013ರಲ್ಲಿ ಅಕ್ಷರ ಪ್ರಕಾಶನದಿಂದ ಬಂದಾಗ ಅದೇ ಪುಸ್ತಕದಲ್ಲಿ ಜೊತೆಗೆ ಬೇರೆ ಕತೆಗಳೂ ಇದ್ದವು. 2015ರಲ್ಲಿ ಶ್ರೀನಾಥ್ ಪೇರೂರ್ ಅನುವಾದದಲ್ಲಿ ಇಂಗ್ಲಿಷಿಗೆ ಹೋದಾಗ ಅದೊಂದೇ ಪುಸ್ತಕವಾಯಿತು. ಬರಹದ ಉದ್ದ ಬದಲಾಗಲಿಲ್ಲ. ಕಟ್ಟಿದ ರೀತಿ ಬದಲಾಯಿತು.

ತೇಜಸ್ವಿಯವರ 'ಕಿರಗೂರಿನ ಗಯ್ಯಾಳಿಗಳು' ಕೂಡ ಹಾಗೇ. ಅದೊಂದು ನೀಳ್ಗತೆ. ಜೊತೆಗೆ ಬೇರೆ ಕತೆಗಳನ್ನು ಸೇರಿಸಿ, ಪುಸ್ತಕಕ್ಕೆ ಅದರ ಹೆಸರನ್ನೇ ಇಟ್ಟರು. ಕೇಳುವವರು ಇವತ್ತಿಗೂ ಗಯ್ಯಾಳಿಗಳು ಕೊಡಿ ಅನ್ನುತ್ತಾರೆ, ಕಥಾಸಂಕಲನ ಕೊಡಿ ಅನ್ನುವುದಿಲ್ಲ.

ಮೂಡಿಗೆರೆ ಮಳೆ
ಸಂಕಲನ ಅಂದಾಗ ಹೇಳಲೇಬೇಕು: ತೇಜಸ್ವಿಯವರದ್ದೇ 'ಅಬಚೂರಿನ ಪೋಸ್ಟಾಫೀಸು'. ಒಂದು ತೆಳು ಪುಸ್ತಕ. ಅದರೊಳಗಿನ ಕತೆಗಳಿಂದ ನಾಲ್ಕು ಸಿನಿಮಾ! ಅಬಚೂರಿನ ಪೋಸ್ಟಾಫೀಸು, ತಬರನ ಕಥೆ, ಕುಬಿ ಮತ್ತು ಇಯಾಲ, ಕೊನೆಗೆ 2023ರಲ್ಲಿ ಡೇರ್‌ಡೆವಿಲ್ ಮುಸ್ತಾಫಾ. ಕೊನೆಯದಕ್ಕೆ ಓದುಗರೇ ದುಡ್ಡು ಹಾಕಿದರು. ಯಾವ ದಪ್ಪ ಕಾದಂಬರಿಯಿಂದ ನಾಲ್ಕು ಸಿನಿಮಾ ಬಂದಿದೆ ಹೇಳಿ?

ಫಾರಂ ಲೆಕ್ಕ
ಸಿನಿಮಾದವರಿಗೆ ಸಣ್ಣಕತೆಯೇ ಅನುಕೂಲ, ಒಪ್ಪಿದೆ. ಆದರೆ ವರ್ಷಕ್ಕೆ ಎಷ್ಟು ಕತೆಗೆ ಆ ಅದೃಷ್ಟ? ಹೊಸಬರು ಅದನ್ನು ನಂಬಿ ಕೂರಬಾರದು.

ದಪ್ಪ ಪುಸ್ತಕವೇ ಚಂದ
ಬಾನು ಮುಷ್ತಾಕ್ ಅವರ ಹೆಸರು ಇನ್ನೂ ಯಾರೂ ತೆಗೆದಿಲ್ಲ, ಆಶ್ಚರ್ಯ. ನನ್ನ ವಾದಕ್ಕೆ ವಿರುದ್ಧ ಅಂತ ಗೊತ್ತಿದ್ದೂ ನಾನೇ ತೆಗೆಯುತ್ತಿದ್ದೇನೆ.

ಹೆಗ್ಗೋಡಿನ ದಾರಿ
ದೊಡ್ಡ ಮನಸ್ಸು ನಿಮ್ಮದು :) 2025ರ ಅಂತರರಾಷ್ಟ್ರೀಯ ಬುಕರ್. ಆ ಪ್ರಶಸ್ತಿ ಪಡೆದ ಮೊದಲ ಸಣ್ಣಕತೆಗಳ ಸಂಕಲನ ಅವರ 'ಹಾರ್ಟ್ ಲ್ಯಾಂಪ್'. ಹಲವು ಸಂಕಲನಗಳಿಂದ ಆಯ್ದ 12 ಕತೆ, ದೀಪಾ ಭಾಸ್ತಿ ಅನುವಾದ. 50,000 ಪೌಂಡ್ ಇಬ್ಬರಿಗೂ ಸಮಪಾಲು. ಆದರೆ ಆ ಕತೆಗಳನ್ನು ಬರೆದದ್ದು 1990ರಿಂದ ಈಚೆಗೆ, ಮೂವತ್ತು ವರ್ಷಕ್ಕೂ ಮೇಲೆ. ಅಷ್ಟು ಕಾಲ ಅವರೇನು ಪುಟ ಎಣಿಸುತ್ತಾ ಕೂತಿದ್ದರಾ?

ಕೌಂಟರ್ ಹುಡುಗ
ಆ ವಾರ ಅಂಗಡಿಯಲ್ಲಿ ನಡೆದದ್ದು: ಒಬ್ಬರು ಬಂದು "ಆ ಬುಕರ್ ಬಂದದ್ದು ಕನ್ನಡದಲ್ಲಿ ಕೊಡಿ" ಅಂದರು. ಅದು ಇಂಗ್ಲಿಷಿಗಾಗಿ ಆಯ್ದು ಮಾಡಿದ ಪುಸ್ತಕ ಸಾರ್, ಮೂಲ ಕತೆಗಳು ಬೇರೆ ಬೇರೆ ಪುಸ್ತಕದಲ್ಲಿವೆ ಅಂದೆ. "ಓ, ಕತೆಗಳಾ? ನಾನು ಕಾದಂಬರಿ ಅಂದುಕೊಂಡಿದ್ದೆ" ಅಂತ ಕೆಳಗಿಟ್ಟು ಹೋದರು. ಅದೇ ದಿನ ಸಂಜೆ ಒಬ್ಬ ಕಾಲೇಜು ಹುಡುಗಿ ಐದು ಪ್ರತಿ ಬರೆಸಿ ಹೋದಳು. ಯಾರನ್ನು ನಂಬುವುದು?

ಗಾಂಧಿ ಬಜಾರ್ ಗಿರಾಕಿ
ತೂಕದ ವಿಷಯವನ್ನೂ ಮರೆಯಬೇಡಿ. ರಿಯಾಯಿತಿ ದರದ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಿತು. ಕೊರಿಯರ್‌ನಲ್ಲಿ ದಪ್ಪ ಪುಸ್ತಕ ತರಿಸಿಕೊಂಡರೆ ಸಾಗಣೆ ಖರ್ಚೇ ಕಣ್ಣಿಗೆ ಹೊಡೆಯುತ್ತದೆ. 100 ರೂಪಾಯಿಯ ಪುಸ್ತಕಕ್ಕಂತೂ ಪುಸ್ತಕಕ್ಕಿಂತ ಕಳಿಸುವುದೇ ತುಟ್ಟಿ ಅನಿಸುತ್ತೆ. ತೆಳುವಾದರೂ ಕಷ್ಟ, ದಪ್ಪವಾದರೂ ಕಷ್ಟ.

ಫಾರಂ ಲೆಕ್ಕ
ಹೌದು. ಅದಕ್ಕೇ ನಾನು ಈಗ 160ರಿಂದ 200 ಪುಟದ ಒಳಗೆ ಇಟ್ಟುಕೊಳ್ಳುತ್ತೇನೆ. ಬೆನ್ನಿಗೆ ಹೆಸರು ಹಿಡಿಯುತ್ತದೆ, ಬೆಲೆ 250 ದಾಟುವುದಿಲ್ಲ, ಪ್ಯಾಕೆಟ್ಟೂ ಹಗುರ. ಕತೆಯೋ ಕಾದಂಬರಿಯೋ ಆಮೇಲಿನ ಮಾತು.

ನುಡಿ ಫಾಂಟು
ನಾನು ಡಿಟಿಪಿ ಮಾಡುವವನು. ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನೀವೆಲ್ಲ ಪುಟ ಪುಟ ಅನ್ನುತ್ತೀರಿ, ಪುಟ ಅಂದರೆ ಏನು ಅಂತ ಯಾರೂ ಕೇಳಲಿಲ್ಲ!

ಪುಟ ನನ್ನ ಕೈಯಲ್ಲಿರುತ್ತದೆ. ಅಕ್ಷರ 11ರಿಂದ 12.5ಕ್ಕೆ ಏರಿಸಿದರೆ, ಸಾಲಿನ ನಡುವೆ ಒಂಚೂರು ಜಾಗ ಬಿಟ್ಟರೆ, ಪ್ರತಿ ಅಧ್ಯಾಯ ಬಲಗಡೆ ಪುಟದಲ್ಲೇ ಶುರು ಮಾಡಿದರೆ 120 ಪುಟದ ಕತೆ 160 ಆಗುತ್ತದೆ. ಲೇಖಕರು ಒಂದು ಪದ ಬರೆಯಬೇಕಾಗಿಲ್ಲ. ಎಷ್ಟೋ "ಕಾದಂಬರಿ" ಹೀಗೇ ಹುಟ್ಟಿವೆ. ವಯಸ್ಸಾದವರು "ಅಕ್ಷರ ದಪ್ಪ ಇದೆ, ಕಣ್ಣಿಗೆ ಹಿತ" ಅಂತ ಹೊಗಳುತ್ತಾರೆ ಬೇರೆ.

ಸೀರೆ ಸೆರಗು
ಹಿತವೇ ಇರುತ್ತದಪ್ಪ. ಅದನ್ನು ನಿಲ್ಲಿಸಬೇಡ.

ನುಡಿ ಫಾಂಟು
ಆಗಲಿ ಅಮ್ಮ :) ಅರ್ಧಪುಟ ಮೇಡಂ, ನಿಮ್ಮ 38 ಪುಟ ಅಂದರೆ ಯಾವ ಪುಟ? ಎಷ್ಟು ಪದ? ಹನ್ನೊಂದೂ ಕತೆ ಸೇರಿ ಎಷ್ಟು ಪದ?

ಅರ್ಧಪುಟ
ಎ4, ನುಡಿ ತಂತ್ರಾಂಶದಲ್ಲಿ 16 ಸೈಜ್, ಸಾಲಿನ ನಡುವೆ ಜಾಗ ಬಿಟ್ಟು. ಈಗ ಎಣಿಸಿದೆ: ಕೊನೇ ಕತೆ 9,140 ಪದ. ಎಲ್ಲ ಸೇರಿ 36,400.

ನುಡಿ ಫಾಂಟು
ಡೆಮಿಯಲ್ಲಿ ನಾನು ಪುಟಕ್ಕೆ ಸುಮಾರು 240 ಪದ ಕೂರಿಸುತ್ತೇನೆ. ನೀಳ್ಗತೆ ಅಲ್ಲೂ 38 ಪುಟವೇ ಬಂತು. ಆದರೆ ಎಲ್ಲ ಸೇರಿ 36,400 ಅಂದರೆ 152 ಪುಟ! ಅವರು ಕೇಳಿದ ನೂರೈವತ್ತು ಪುಟ ನಿಮ್ಮ ಹತ್ತಿರ ಆಗಲೇ ಇದೆ ಮೇಡಂ.

ಹೆಗ್ಗೋಡಿನ ದಾರಿ
ಹಾಗಾದರೆ ಅವರು ಕಥಾಸಂಕಲನ ಬೇಡ ಅಂದದ್ದು ಪುಟಕ್ಕಲ್ಲ, ಆ ಪದಕ್ಕೆ. ನೀಳ್ಗತೆಯನ್ನು ಮೊದಲಿಗೆ ತನ್ನಿ, ಅದರ ಹೆಸರನ್ನೇ ಪುಸ್ತಕಕ್ಕೆ ಇಡಿ. "ಕಥಾಸಂಕಲನ" ಅನ್ನುವುದನ್ನು ಒಳಗಿನ ಪುಟದಲ್ಲಿ ಸಣ್ಣದಾಗಿ ಹಾಕಿಕೊಳ್ಳಲಿ.

ದಪ್ಪ ಪುಸ್ತಕವೇ ಚಂದ
ನನಗೆ ಇನ್ನೂ ಆ ಹೆಂಗಸು ಎಲ್ಲಿ ಹೋದಳು ಅಂತ ತಿಳಿಯಬೇಕು. 150 ಪುಟ ಬರೆದಿದ್ದರೆ ಓದುತ್ತಿದ್ದೆ. 38 ಆದರೂ ಪರವಾಗಿಲ್ಲ, ಬಂದಾಗ ತಿಳಿಸಿ.

ಅರ್ಧಪುಟ
ಎಲ್ಲಿ ಹೋದಳು ಅಂತ ನನಗೂ ಗೊತ್ತಿಲ್ಲ, ಅದಕ್ಕೇ ಎಳೆಯಲು ಆಗಲಿಲ್ಲ.

ನಿನ್ನೆ ಅವರಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. "152 ಪುಟ ಬರುತ್ತಾ? ನಾನು ಎಣಿಸಿರಲಿಲ್ಲ" ಅಂದರು. ಒಂದು ವಾರ ಸಮಯ ಕೇಳಿದ್ದಾರೆ. ಅವರು ಬೇಡ ಅಂದರೆ @ಫಾರಂ ಲೆಕ್ಕ, ನಿಮಗೆ ಕಳಿಸಬಹುದಾ?

ಫಾರಂ ಲೆಕ್ಕ
ಕಳಿಸಿ. ಕತೆ ಇಷ್ಟವಾದರೆ ಮಾತ್ರ ಮಾಡುತ್ತೇನೆ. 300 ಪ್ರತಿ, ಅದಕ್ಕಿಂತ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ.

ನುಡಿ ಫಾಂಟು
152, ಕತೆಗಳ ಶುರುವಿನಲ್ಲಿ ಬಿಡುವ ಜಾಗಕ್ಕೆ 6, ಪುಸ್ತಕದ ಮೊದಲಿಗೆ ಬರುವ ಶೀರ್ಷಿಕೆ, ಪರಿವಿಡಿಯಂಥ ಪುಟಗಳಿಗೆ 10. ಒಟ್ಟು 168. ಹತ್ತೂವರೆ ಫಾರಂ. ಹನ್ನೊಂದು ಮಾಡಬೇಕು, ಅಂದರೆ 176. ಎಂಟು ಪುಟ ಖಾಲಿ ಉಳಿಯುತ್ತದೆ.

ಕರಡು ತಿದ್ದುವವ
ಯಾರಾದರೂ ಹಿರಿಯರಿಂದ ಮುನ್ನುಡಿ ಬರೆಸಿ. ಎರಡು ಪುಟ ಸಾಕು ಅಂದರೆ ಎಂಟು ಬರೆದುಕೊಡುತ್ತಾರೆ.